ಪೂರ್ವಕ್ಕೆ ಮುಖ ಮಾಡಿ ನಿಂತ ಕಾರು

ಮುಂಬಯಿಯ ಪಕ್ಕದ ಠಾಣೆ ಪಟ್ಟಣದ ವರ್ತಕ ನಗರದಲ್ಲಿದ್ದ ಅವರ ಗ್ಯಾರೇಜಿಗೆ ಫಲಕವಿರಲಿಲ್ಲ. "ಹೆಸರು ಬರೆಸಿದರೆ ಜನ ಹೆಸರು ನೋಡಿ ಬರ್ತಾರೆ ಭಟ್ರೇ, ಕೆಲಸ ನೋಡಿ ಬರುವುದಿಲ್ಲ" ಎನ್ನುತ್ತಿದ್ದರು. ಆ ಮಾತಿಗೆ ಮರ್ಯಾದೆ ಕೊಟ್ಟು ನಾನೂ ಇಲ್ಲಿ ಅವರ ಹೆಸರನ್ನು ಬರೆಯುವುದಿಲ್ಲ. ಕಳೆದ ತಿಂಗಳು ಅವರ ಉತ್ತರಕ್ರಿಯೆಯನ್ನು ನಾನೇ ಮಾಡಿಸಿದೆ. ಊಟಕ್ಕೆ ಬಂದವರೆಲ್ಲ ಅವರ ಕೈಗುಣವನ್ನು ಹೊಗಳಿದರು. ನೀವೂ ನಾಲ್ಕು ಮಾತು ಆಡಿ ಎಂದು ನನ್ನನ್ನು ಕೇಳಿದರು. ನಾನು ಶಾಂತಿಮಂತ್ರವನ್ನು ಹೇಳಿ ಕುಳಿತುಬಿಟ್ಟೆ. ಅವರನ್ನು ನೆನೆದಾಗ ನನಗೆ ಮೊದಲು ಬರುವುದು ದುಃಖವಲ್ಲ, ಭಯ. ಎಲೆಯ ಮುಂದೆ ಕುಳಿತವರಿಗೆ ಭಯದ ಕಥೆಯನ್ನು ಬಡಿಸಬಾರದು.

ನಾನು ಡೊಂಬಿವಲಿಯ ಶಾಲೆಯೊಂದರಲ್ಲಿ ಸಂಸ್ಕೃತವನ್ನು ಕಲಿಸಿ ನಿವೃತ್ತನಾದವನು. ಚಿಕ್ಕಂದಿನಲ್ಲಿ ಉಡುಪಿಯ ಕಡೆಯ ಪಾಠಶಾಲೆಯಲ್ಲಿ ಗುರುಗಳಿಂದ ಕಲಿತ ಪೂಜಾವಿಧಿಗಳು ಇನ್ನೂ ನಾಲಗೆಯ ಮೇಲಿರುವುದರಿಂದ, ಕಲ್ಯಾಣದಿಂದ ಸಾನಪಾಡಾದವರೆಗೆ ನಮ್ಮ ಕಡೆಯವರ ಮನೆಗಳಲ್ಲಿ ಪೂಜೆ, ಶ್ರಾದ್ಧಗಳಿಗೆ ಹೋಗಿಬರುತ್ತೇನೆ. ಅವರ ಪರಿಚಯವಾದದ್ದೂ ಹಾಗೆಯೇ, ಒಂದು ಆಯುಧಪೂಜೆಯ ದಿನ. ಗ್ಯಾರೇಜಿನ ಬಾಗಿಲು ನೇರ ಪೂರ್ವಕ್ಕೆ ತೆರೆದುಕೊಂಡಿತ್ತು. ವಾಹನಗಳೆಲ್ಲ ತಾವಾಗಿಯೇ ಸೂರ್ಯನಿಗೆ ಮುಖ ಮಾಡಿ ನಿಂತಿದ್ದವು. ಅಲ್ಲಿ ದಿಕ್ಕನ್ನು ಹೇಳುವ ಪ್ರಸಂಗವೇ ನನಗೆ ಎಂದೂ ಬರಲಿಲ್ಲ. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಪೂಜೆ ನಡೆಯುವಾಗ ಅವರು ಕೈಕಟ್ಟಿ ದೂರದಲ್ಲಿ ನಿಲ್ಲುತ್ತಿದ್ದರು. "ಕುಂಕುಮ ಸ್ವಲ್ಪ ಕಡಮೆ ಆಗಲಿ ಭಟ್ರೇ. ಪೇಂಟಿಗೆ ಹಿಡಿದರೆ ನಿಮ್ಮ ದೇವರು ಬಂದು ಪಾಲಿಶ್ ಮಾಡುವುದಿಲ್ಲ" ಎನ್ನುವರು. ನನಗೆ ಸಿಟ್ಟು ಬರುತ್ತಿತ್ತು. ಅವರಲ್ಲಿ ತಗಡಿನ ಕೆಲಸ ಮಾಡುವ ವಿಜಯಪುರದ ಒಬ್ಬ ಹಿರಿಯ ಆಳು, "ಮನಸಿಗೆ ಹಚ್ಕೋಬ್ಯಾಡ್ರಿ ಸ್ವಾಮ್ಯಾರ. ಮಾಲಕರು ದೇವರಿಗೆ ಬೈತಾರ, ನಟ್ಟು ಬೋಲ್ಟಿಗೆ ಮುದ್ದು ಮಾಡ್ತಾರ" ಎಂದು ಸಮಾಧಾನ ಹೇಳುತ್ತಿದ್ದ. ಅದು ನಿಜವೇ ಆಗಿತ್ತು. ತುಕ್ಕು ಹಿಡಿದ ಬೋಲ್ಟು ಬಿಡದಿದ್ದರೆ, "ಬಾ ಮಗಾ, ಹೆದರಬೇಡ, ಬಾ" ಎಂದು ತಗ್ಗಿದ ದನಿಯಲ್ಲಿ ಕರೆಯುವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುವರು. ವೇದಪಾಠದಲ್ಲಿ ಸ್ವರ ತಪ್ಪುವುದನ್ನು ಕಾಯುತ್ತಿದ್ದ ನಮ್ಮ ಗುರುಗಳ ಮುಖದಲ್ಲಿ ಅದೇ ಏಕಾಗ್ರತೆಯನ್ನು ನಾನು ಕಂಡಿದ್ದೆ.

ಒಂದು ವರ್ಷ ಗ್ಯಾರೇಜಿನ ಹಿಂಭಾಗದಲ್ಲಿ ತಾಡಪಾಲು ಹೊದಿಸಿದ ಏನೋ ಒಂದು ಕಂಡಿತು. ಆರತಿಯನ್ನು ಹಿಡಿದು ಅತ್ತ ಹೊರಟವನನ್ನು ಅವರು ತಡೆದರು.

"ಅದಕ್ಕೆ ಬೇಡ."

"ಯಾಕೆ?"

"ಅದು ಒಂದು ಜೀವ ತೆಗೆದ ಗಾಡಿ ಭಟ್ರೇ."

ಹಾಗೆಂದು ತಾಡಪಾಲನ್ನು ಎತ್ತಿದರು. ಇಟಲಿಯಲ್ಲಿ ತಯಾರಾದ, ಇಬ್ಬರೇ ಕೂರುವಂಥ, ಓಟದ ಪಂದ್ಯಕ್ಕೆಂದೇ ಮಾಡಿದ ಕಾರು. ನನ್ನ ಸೊಂಟದಷ್ಟೂ ಎತ್ತರವಿಲ್ಲ. ಹಿಂಭಾಗ ಜಜ್ಜಿಹೋಗಿತ್ತು, ದೀಪಗಳಿದ್ದ ಎರಡು ಗುಳಿಗಳು ಖಾಲಿಯಾಗಿ ನನ್ನನ್ನೇ ನೋಡುತ್ತಿದ್ದವು. ದೇವಾಲಯದ ಜೀರ್ಣೋದ್ಧಾರದಲ್ಲಿ ವಿಗ್ರಹವನ್ನು ಕದಲಿಸುವ ಮುನ್ನ ಅದರ ಶಕ್ತಿಯನ್ನು ಮಂತ್ರಪೂರ್ವಕವಾಗಿ ಕಲಶಕ್ಕೆ ಇಳಿಸಿಕೊಳ್ಳುವ ವಿಧಿಯುಂಟು. ಇದರೊಳಗಿನದನ್ನು ಯಾರೂ ಯಾವ ಕಲಶಕ್ಕೂ ಇಳಿಸಿಕೊಂಡಿಲ್ಲ ಎಂದು ನನ್ನ ಮನಸ್ಸಿಗೆ ಬಂದಿತು.

ಕಾರಿನ ಪೂರ್ವವೃತ್ತಾಂತವನ್ನು ಅವರು ಹಲವು ಸಲ, ತುಂಡು ತುಂಡಾಗಿ ಹೇಳಿದರು. ಮುಂಬಯಿಯ ಗಿರಣಿ ಮಾಲೀಕರೊಬ್ಬರ ಮಗ ಅದನ್ನು ಹಡಗಿನಲ್ಲಿ ತರಿಸಿ, ಬಳಕೆ ತಪ್ಪಿದ ಒಂದು ವಿಮಾನದ ಓಡುದಾರಿಯ ಮೇಲೆ ಸ್ನೇಹಿತರೊಡನೆ ಪಂದ್ಯ ಓಡಿಸುತ್ತಿದ್ದನಂತೆ. ಆ ಮನೆಯ ದೊಡ್ಡ ಕಾರಿಗೆ ಚಾಲಕರಾಗಿದ್ದವರು ಇವರ ಅಣ್ಣ. ಒಮ್ಮೆ ನಾಸಿಕದಲ್ಲಿ ಬಿಟ್ಟುಬಂದ ಈ ಕಾರನ್ನು ಮುಂಬಯಿಗೆ ತರಲು ಅಣ್ಣನನ್ನು ಕಳುಹಿಸಿದರು. ಕಸಾರಾ ಘಟ್ಟದಲ್ಲಿ ರಸ್ತೆಯ ಬದಿಯ ಒಂದು ಬಯಲಿನಿಂದ ಕಾರು ಹಿಮ್ಮುಖವಾಗಿ ಕಣಿವೆಗೆ ಬಿತ್ತು. ಅಣ್ಣ ಉಳಿಯಲಿಲ್ಲ. ಕಾರು ಭಿವಂಡಿಯ ಗೋದಾಮೊಂದರಲ್ಲಿ ನೂಲಿನ ಮೂಟೆಗಳ ಹಿಂದೆ ದಶಕಗಳ ಕಾಲ ಬಿದ್ದುಕೊಂಡಿತ್ತು. ಗೋದಾಮನ್ನು ಕೆಡಹುವಾಗ ಇವರಿಗೆ ಸುದ್ದಿ ಸಿಕ್ಕಿ, ಗುಜರಿಯ ಲಾರಿಗೆ ಏರುವ ಮುನ್ನ ಎತ್ತಿಕೊಂಡು ಬಂದರು.

"ಸರಿ ಮಾಡಿ ಏನು ಮಾಡುತ್ತೀರಿ?" ಎಂದು ಕೇಳಿದೆ.

"ಅದು ನನಗೆ ಒಂದು ಉತ್ತರ ಹೇಳಬೇಕು. ಬಾಯಿ ಒಡೆದವನನ್ನು ಮಾತಾಡಿಸುವುದು ಹೇಗೆ? ಮೊದಲು ಬಾಯಿ ಸರಿ ಮಾಡಬೇಕು."

ಆ ಕೆಲಸಕ್ಕೆ ವರ್ಷಗಳೇ ಹಿಡಿದವು. ಹೊರಗಿನ ತಗಡನ್ನು ಇಟಲಿಯ ಕುಶಲಕರ್ಮಿಗಳು ಕೈಯಿಂದಲೇ ಬಡಿದು ಮಾಡಿದ್ದರು. ಒಳಮೈಯಲ್ಲಿ ಸುತ್ತಿಗೆಯ ಗುರುತುಗಳನ್ನು ತೋರಿಸಿ, "ಈ ಬದಿ ಬಡಿದವನು ಎಡಗೈಯವನು, ನೋಡಿ, ಪೆಟ್ಟು ಎಲ್ಲ ಆ ಕಡೆಗೆ ವಾಲಿದೆ" ಎಂದು ನಗುವರು. ಕಾರಿನ ಎಡ ಬಲಗಳು ಒಂದೇ ಅಳತೆಯಲ್ಲಿರಲಿಲ್ಲ. ವಿಜಯಪುರದವನು ಅದನ್ನು ಸರಿದೂಗಿಸಲು ಹೊರಟಾಗ, "ಇಟಲಿಯವನ ತಪ್ಪನ್ನು ತಿದ್ದಲಿಕ್ಕೆ ನೀನು ಯಾರು? ಹೇಗಿತ್ತೋ ಹಾಗೇ ಆಗಬೇಕು" ಎಂದು ಗದರಿದರು. ಅವನು ನನ್ನತ್ತ ತಿರುಗಿ, "ಸೊಟ್ಟ ಇದ್ದದ್ದನ್ನ ಸೊಟ್ಟನ ಮಾಡಾಕ ಇಷ್ಟು ವರ್ಷ ಬೇಕೇನ್ರಿ ಸ್ವಾಮ್ಯಾರ? ನಾ ಆಗಿದ್ರ ಒಂದ ದಿನದಾಗ ಮಾಡ್ತಿದ್ದೆ" ಎಂದ. ಹಳೆಯ ತಾಳೆಯೋಲೆಯ ಪಾಠವನ್ನು ತಮ್ಮ ಜಾಣತನದಿಂದ ತಿದ್ದುವವರನ್ನು ನಮ್ಮ ಗುರುಗಳು ಹೀಗೆಯೇ ಗದರುತ್ತಿದ್ದುದರಿಂದ ನಾನು ನಗಲಿಲ್ಲ.

ಅವರ ಕೆಲಸದ ಮೇಜಿನ ಮೇಲೆ ಸಣ್ಣ ವಾಷರುಗಳನ್ನು ಹಾಕಿಡುವ ಒಂದು ತೆಂಗಿನ ಗೆರಟೆಯಿತ್ತು. ಕಪ್ಪಾಗಿ ಒಣಗಿದ, ಅರ್ಧ ಕಾಯಿಯ ಚಿಪ್ಪು. ಕಾರಿನ ಆಸನದ ಕೆಳಗೆ ಸಿಕ್ಕಿಕೊಂಡಿತ್ತಂತೆ. "ಗೋದಾಮಿನ ಹಮಾಲರು ತಿಂದು ಬಿಸಾಡಿದ್ದೋ, ಇಲಿ ತಂದದ್ದೋ. ಗಟ್ಟಿ ಉಂಟು, ಇರಲಿ ಅಂತ ಇಟ್ಟೆ" ಎಂದಿದ್ದರು.

ಗೇರುಪೆಟ್ಟಿಗೆಯನ್ನು ಬಿಚ್ಚಿದ ಮರುದಿನ ಅವರು ಡೊಂಬಿವಲಿಯ ನಮ್ಮ ಮನೆಗೆ ಬಂದರು. ಮೊದಲ ಸಲ ಬಂದವರು ದೇವರ ಕೋಣೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಒಳಗೆ ನೋಡಿದರು.

"ಭಟ್ರೇ, ತಾನಾಗಿಯೇ ಜೀವ ತೆಗೆದುಕೊಂಡವನಿಗೆ ಪಿಂಡ ಇಲ್ಲವಾ?"

ಅವರ ತಂದೆ ಊರಿನ ದೇವಸ್ಥಾನದಲ್ಲಿ ಚಾಕರಿ ಮಾಡಿಕೊಂಡಿದ್ದ ನಿಷ್ಠರು. ಘಟ್ಟದಲ್ಲಿ ನಡೆದದ್ದನ್ನು ಕಂಡವರಿಲ್ಲ. ಗಿರಣಿಯವರ ಮನೆಯಲ್ಲಿ ಆಡಿಕೊಂಡದ್ದು ಇಷ್ಟು: ಘಟ್ಟ ಇಳಿಯುವ ಗಾಡಿ ರಸ್ತೆಗೆ ಸಮಾನಾಂತರವಾಗಿ ನಿಲ್ಲಬೇಕು, ಇದನ್ನು ಅಡ್ಡ ತಿರುಗಿಸಿ, ಕಣಿವೆಗೆ ಬೆನ್ನು ಕೊಟ್ಟು ನಿಲ್ಲಿಸಿದ ಟಯರಿನ ಗುರುತು ಮಣ್ಣಿನಲ್ಲಿತ್ತು, ಕೆಲಸವಿಲ್ಲದೆ ಯಾರೂ ಹಾಗೆ ನಿಲ್ಲಿಸುವುದಿಲ್ಲ, ಆದ್ದರಿಂದ ಬೇಕೆಂದೇ ಹೋದ. ತಂದೆ ಅದನ್ನು ನಂಬಿದರು. ಹಿರಿಯ ಮಗನಿಗೆ ಒಂದು ತುತ್ತು ಪಿಂಡವನ್ನೂ ಇಡದೆ ತೀರಿಕೊಂಡರು. ತಾಯಿ ಪ್ರತಿ ಮಹಾಲಯದಲ್ಲಿಯೂ ಅಡುಗೆಮನೆಯ ಕಿಟಕಿಯಲ್ಲಿ ಕಾಗೆಗೆ ಗುಟ್ಟಾಗಿ ಅನ್ನವಿಟ್ಟು, ಯಾರಾದರೂ ನೋಡಿಯಾರೆಂದು ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ.

"ದುರ್ಮರಣಕ್ಕೆ ನಾರಾಯಣಬಲಿಯೆಂಬ ವಿಧಿಯುಂಟು. ಅದಾದ ಮೇಲೆ ಶ್ರಾದ್ಧ ಮಾಡಬಹುದು" ಎಂದೆ.

"ಅದರಲ್ಲಿ ಹೇಗೆ ಸತ್ತ ಅಂತ ಹೇಳಬೇಕಾ?"

"ಸಂಕಲ್ಪದಲ್ಲಿ ಹೇಳಬೇಕು. ತಿಳಿದು ಮಾಡಿದ್ದಾದರೆ ಬುದ್ಧಿಪೂರ್ವಕ. ಕೈತಪ್ಪಿನಿಂದ ಆದದ್ದಾದರೆ ಪ್ರಮಾದ."

"ನನ್ನ ಅಣ್ಣನಿಗೆ ಯಾವ ಪದ ಹೇಳುತ್ತೀರಿ?"

ಅವರು ಅಂಗೈಯನ್ನು ಚಾಚಿ ಅದರ ಮೇಲೆ ಬೆರಳಿನಿಂದ ಗೇರಿನ ದಾರಿಗಳನ್ನು ಬರೆದು ತೋರಿಸಿದರು. ಬೇರೆ ಎಲ್ಲ ಕಾರುಗಳಲ್ಲಿ ಎಡಕ್ಕೆ ತಳ್ಳಿ ಮೇಲೆತ್ತಿದರೆ ಒಂದನೆಯ ಗೇರು. ಕಾರು ಮುಂದಕ್ಕೆ ಹೊರಡುತ್ತದೆ. ಈ ಕಾರಿನಲ್ಲಿ ಆ ಜಾಗದಲ್ಲಿರುವುದು ರಿವರ್ಸ್. ಒಂದನೆಯದು ಅದರ ಕೆಳಗೆ. ತಪ್ಪಿ ಅಲ್ಲಿಗೆ ಹೋಗದಂತೆ ತಡೆಯುವ ಸ್ಪ್ರಿಂಗು ಸವೆದಿತ್ತು. ಪೆಟ್ಟಿಗೆಯೊಳಗೆ ಹಲ್ಲುಗಳು ರಿವರ್ಸಿನಲ್ಲಿಯೇ ಕಚ್ಚಿಕೊಂಡಿದ್ದವು.

"ಹಾಗಾದರೆ ಕೈತಪ್ಪಿದ್ದೇ ಅಲ್ಲವೇ?" ಎಂದೆ, ಸ್ವಲ್ಪ ಹಗುರಾಗಿ.

"ಸಾಯುವವನೂ ರಿವರ್ಸ್ ಹಾಕಬಹುದಲ್ಲ ಭಟ್ರೇ? ಕೈತಪ್ಪಿದ್ದಾದರೆ ಅವನು ಕಣಿವೆಗೆ ಬೆನ್ನು ಕೊಟ್ಟು ಯಾಕೆ ನಿಲ್ಲಿಸಿದ? ಅದು ನನಗೆ ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಪ್ರಮಾದ ಅಂದರೆ ಸುಳ್ಳು ಹೇಳಿದ ಹಾಗೆ. ಇನ್ನೊಂದು ಪದ ಹೇಳಿದರೆ ಅಪ್ಪನ ಮಾತಿಗೆ ನಾನೇ ಸಹಿ ಹಾಕಿದ ಹಾಗೆ."

ಅವರ ಕೈ ಸದಾ ಎಣ್ಣೆಯ ವಾಸನೆಯ, ಯಾವುದಕ್ಕೂ ಅಂಜದ ಕೈ. ಅಂದು ಆ ಕೈ ಕಾಫಿಯ ಲೋಟವನ್ನು ಮುಟ್ಟದೆ, ಗೇರಿನ ದಾರಿಗಳನ್ನೇ ಮತ್ತೆ ಮತ್ತೆ ಬರೆಯುವುದನ್ನು ನೋಡಿ ನನಗೆ ಹೆದರಿಕೆಯಾಯಿತು.

ಕಾರು ಸಿದ್ಧವಾಯಿತೆಂದು ಅವರು ಫೋನು ಮಾಡಿದ ಸಂಜೆಯನ್ನು ನಾನು ಮರೆಯಲಾರೆ. ಎಲ್ಲವನ್ನೂ ಹೊಸತಾಗಿಸಿ, ಆ ಸವೆದ ಸ್ಪ್ರಿಂಗನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ ಎಂದರು. ಕೊನೆಯಲ್ಲಿ, "ನಾಳೆ ಬೆಳಿಗ್ಗೆ ಕಸಾರಾ ಘಟ್ಟಕ್ಕೆ ಹೋಗ್ತೇನೆ" ಎಂದರು.

ನಮ್ಮ ಕಡೆಯವರು ಹಾಲಿನ ಅಂಗಡಿಗೆ ಹೊರಟರೂ 'ಹೋಗಿ ಬರ್ತೇನೆ' ಎನ್ನುತ್ತಾರೆ. ಬರುವ ಮಾತಿಲ್ಲದೆ ಹೋಗುವುದನ್ನು ಬಾಯಿಂದ ಆಡುವುದಿಲ್ಲ. ದೇವರನ್ನು ಬೈಯುವಾಗಲೂ ಅವರು ಈ ಒಂದು ಮರ್ಯಾದೆಯನ್ನು ಮೀರಿದವರಲ್ಲ.

"ಹೋಗಿ ಬರ್ತೇನೆ ಅನ್ನಿ" ಎಂದೆ.

"ಬರುವುದು ಮತ್ತೆ ನೋಡುವ ಭಟ್ರೇ."

ಅಣ್ಣ ಹೋದ ದಾರಿಯಲ್ಲಿಯೇ ಹೋಗಿ ಉತ್ತರ ಕೇಳಲು ಹೊರಟಿದ್ದಾರೆಯೇ? ಹೊಸ ವಾಹನವನ್ನು ಪೂಜೆಯಿಲ್ಲದೆ ಘಟ್ಟಕ್ಕೆ ಒಯ್ಯಬಾರದು, ದಾರಿಯ ದೇವಿಯ ಮುಂದೆ ನಾನೇ ಪೂಜೆ ಮಾಡಿಸುತ್ತೇನೆ, ನನ್ನನ್ನು ಕರೆದುಕೊಂಡೇ ಹೋಗಬೇಕು ಎಂದು ಹಟ ಹಿಡಿದೆ. ಅವರ ಪಕ್ಕದಲ್ಲಿ ಕೂರಲು ನನಗೆ ತೋಚಿದ ನೆಪ ಅದೊಂದೇ. ನನ್ನ ಹೆಂಡತಿ, "ಈ ಪ್ರಾಯದಲ್ಲಿ ಪಂದ್ಯದ ಕಾರಾ? ಒಳಗೆ ಹೋಗುವುದು ಹೇಗಾದರೂ ಆಗ್ತದೆ, ಹೊರಗೆ ತೆಗೆಯಲಿಕ್ಕೆ ಕ್ರೇನ್ ಬೇಕಾದೀತು" ಎಂದು ನಕ್ಕಳು. ಅವಳಿಗೆ ನಾನು ಕಾರಣವನ್ನು ಹೇಳಲಿಲ್ಲ.

ಕಲ್ಯಾಣದಲ್ಲಿ ಅವರು ನನ್ನನ್ನು ಹತ್ತಿಸಿಕೊಂಡರು. ಕೂತೆನೆನ್ನುವುದಕ್ಕಿಂತ ಮಲಗಿದೆನೆನ್ನಬೇಕು. ಭಿವಂಡಿಯ ಕಂಟೇನರ್ ಲಾರಿಗಳ ಚಕ್ರಗಳು ನನ್ನ ತಲೆಯ ಮಟ್ಟದಲ್ಲಿ ಉರುಳುತ್ತಿದ್ದವು. ಬೆನ್ನ ಹಿಂದೆ ಯಂತ್ರ ಗರ್ಜಿಸುತ್ತಿತ್ತು. ನಾನು ಒಳಗೊಳಗೇ ನರಸಿಂಹನನ್ನು ಜಪಿಸುತ್ತಿದ್ದೆ. ಜಪದ ಎಣಿಕೆ ಎಲ್ಲಿಯವರೆಗೆ ಬಂದಿತೆಂಬುದು ಮತ್ತೆ ಮತ್ತೆ ಮರೆತು ಮೊದಲಿನಿಂದ ತೊಡಗಬೇಕಾಗುತ್ತಿತ್ತು. ಅವರು ಮಾತ್ರ ಒಮ್ಮೆಯೂ ಗೇರು ತಪ್ಪದೆ ಓಡಿಸಿದರು.

ಘಟ್ಟದಲ್ಲಿ ರಸ್ತೆಯ ಅಂಚಿಗೆ ಸಣ್ಣ ಬಯಲು. ಒಂದು ಮರದ ಬುಡದಲ್ಲಿ ಸಿಂಧೂರ ಬಳಿದ ಕಲ್ಲು. ಅದೇ ಘಟ್ಟದ ದೇವಿ. ಲಾರಿಯವರು ಇಟ್ಟುಹೋದ ಹೂವುಗಳು ಅಲ್ಲಿ ಬಾಡಿದ್ದವು. ಅವರು ಕಾರನ್ನು ರಸ್ತೆಗೆ ಸಮಾನಾಂತರವಾಗಿ ನಿಲ್ಲಿಸಿದರು. "ಇದೇ ಜಾಗ" ಎಂದರು. ನಾನು ಹೇಗೋ ಹೊರಗೆ ಬಂದು, ಚೀಲದಿಂದ ತೆಂಗಿನಕಾಯಿ, ನಿಂಬೆಹಣ್ಣು, ಕರ್ಪೂರಗಳನ್ನು ತೆಗೆದಿಟ್ಟೆ. ಆಮೇಲೆ, ಸಾವಿರ ಸಲ ಹೇಳಿ ರೂಢಿಯಾದ ಮಾತು ಬಾಯಿಯಿಂದ ತಾನಾಗಿ ಬಂತು.

"ಗಾಡಿಯನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ."

"ಯಾಕೆ?"

"ವಾಹನಪೂಜೆಯಲ್ಲವೇ? ಪೂರ್ವಾಭಿಮುಖವಾಗಿರಬೇಕು."

"ಗ್ಯಾರೇಜಿನಲ್ಲಿ ನೀವು ಯಾವತ್ತೂ ಹೇಳಲಿಲ್ಲ."

"ಅಲ್ಲಿ ಬಾಗಿಲೇ ಪೂರ್ವಕ್ಕಿದೆ. ಹೇಳುವ ಅಗತ್ಯ ಬೀಳಲಿಲ್ಲ."

"ಪೂರ್ವ ಯಾವುದು ಇಲ್ಲಿ?"

ನಾನು ರಸ್ತೆಯಾಚೆ ಗುಡ್ಡದ ಕಡೆಗೆ, ಏರುತ್ತಿದ್ದ ಸೂರ್ಯನ ಕಡೆಗೆ ಕೈತೋರಿದೆ. ಅವರು ನನ್ನ ಕೈ ಹೋದತ್ತ ನೋಡಲಿಲ್ಲ. ಅದರ ನೇರ ವಿರುದ್ಧ ದಿಕ್ಕಿಗೆ ನೋಡುತ್ತಿದ್ದರು. ನಾನೂ ತಿರುಗಿದೆ. ಅಲ್ಲಿ ನೆಲ ಮುಗಿದಿತ್ತು. ಕೆಳಗೆ ಕಣಿವೆ, ಅದರಲ್ಲಿ ಆಟಿಕೆಯಂತೆ ರೈಲಿನ ಹಳಿ.

ನನ್ನ ಕೈ ಇನ್ನೂ ಪೂರ್ವವನ್ನು ತೋರಿಸುತ್ತಲೇ ಇತ್ತು. ಅದನ್ನು ಇಳಿಸಲು ನನಗೆ ಆಗಲಿಲ್ಲ.

"ಅಣ್ಣನಿಗೆ ಇದು ಗೊತ್ತಿತ್ತಾ ಭಟ್ರೇ?" ಎಂದು ಕೇಳಿದರು. ದನಿ ಮಕ್ಕಳದಂತಿತ್ತು.

"ದೇವಸ್ಥಾನದ ಚಾಕರಿಯವರ ಹಿರಿಯ ಮಗನಿಗೆ ಗೊತ್ತಿರದೆ ಇರಲಾರದು."

"ಹಾಗಾದರೆ ಆ ಗೆರಟೆ..." ಎಂದು ನಿಲ್ಲಿಸಿದರು. ದೇವಿಗೆ ಒಡೆದ ಕಾಯಿಯ ಒಂದು ಹೋಳು ದೇವಿಗೆ, ಇನ್ನೊಂದು ಪ್ರಸಾದವಾಗಿ ಮನೆಗೆ. ಇಲ್ಲಿ ಪೂಜೆ ಮಾಡಿ ಇಟ್ಟುಕೊಂಡ ಆ ಪ್ರಸಾದ ಅಣ್ಣನ ಆಸನದ ಕೆಳಗೆ ಉಳಿದಿತ್ತು. ವರ್ಷಗಟ್ಟಲೆ ಅದರಿಂದ ವಾಷರುಗಳನ್ನು ಹೆಕ್ಕಿದ ಬೆರಳುಗಳನ್ನು ಅವರು ನೋಡಿಕೊಂಡರು.

ಪೂಜೆ ಬೇಡ, ಹಿಂದಿರುಗೋಣ ಎಂದು ನಾನು ಬೇಡಿಕೊಂಡೆ. ಅವರು ಕೇಳಲಿಲ್ಲ. "ಅವನು ಮಾಡಿದ ಹಾಗೇ ಆಗಲಿ" ಎಂದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡದ ಹೊರತು ಮಂತ್ರ ಹೇಳುವುದಿಲ್ಲವೆಂದು ನಾನೂ ಹಟ ಹಿಡಿದೆ. ದೊಡ್ಡ ಎರಡು ಕಲ್ಲುಗಳನ್ನು ಅವರೇ ಉರುಳಿಸಿ ತಂದು ಒತ್ತಿ ಇಟ್ಟರು. ಕಾರು ಪೂರ್ವಕ್ಕೆ ಮುಖ ಮಾಡಿ, ಕಣಿವೆಗೆ ಬೆನ್ನು ಕೊಟ್ಟು ನಿಂತಿತು. ನಾನು ಪೂಜೆಯನ್ನು ಮುಗಿಸಿ, ಕಾಯಿ ಒಡೆದು, ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣುಗಳನ್ನು ಇಟ್ಟೆ. ವಾಹನ ಅವುಗಳ ಮೇಲೆ ಮುಂದಕ್ಕೆ ಹಾಯಬೇಕು.

"ನಿಧಾನ. ಮುಂದಕ್ಕೆ" ಎಂದೆ.

ಅವರು ನಿಂಬೆಹಣ್ಣನ್ನು ಬಗ್ಗಿ ನೋಡಿದರು. ಯಂತ್ರ ಗುಡುಗಿತು. ಕಾರು ಹಿಂದಕ್ಕೆ ಜಿಗಿಯಿತು.

ಅಷ್ಟು ಮಂತ್ರಗಳನ್ನು ಕಲಿತ ನನ್ನ ಬಾಯಿಯಿಂದ ಹೊರಟದ್ದು "ಅಮ್ಮಾ" ಎಂಬ ಕೂಗು ಮಾತ್ರ. ಚಕ್ರ ಕಲ್ಲಿಗೆ ಬಡಿಯಿತು. ಕಲ್ಲು ಕರಕರನೆ ಜರುಗಿತು, ಜರುಗಿ ನಿಂತಿತು. ಯಂತ್ರ ಸತ್ತಿತು. ಪುಡಿಮಣ್ಣು ಅಂಚಿನಿಂದ ಕೆಳಗೆ ಸುರಿಯುವ ಸದ್ದು ಕೇಳಿಸಿತು.

ಓಡಿಹೋಗಿ ಬಾಗಿಲನ್ನು ಹಿಡಿದೆ. ಅವರ ಎಡಗೈ ಗೇರಿನ ಹಿಡಿಯ ಮೇಲೆಯೇ ಇತ್ತು: ಎಡಕ್ಕೆ, ಮೇಲೆ. ಮುಖವೆಲ್ಲ ಬೆವರು. ಕಣ್ಣುಗಳಲ್ಲಿ ನಾನು ಅದುವರೆಗೆ ಅವರಲ್ಲಿ ಕಾಣದ ನೀರು.

"ನಾನು ಬೇಕೆಂದು ಹಾಕಿದ್ದಲ್ಲ ಭಟ್ರೇ. ದೇವರಾಣೆ, ಬೇಕೆಂದು ಹಾಕಿದ್ದಲ್ಲ. ಈ ಪೆಟ್ಟಿಗೆಯನ್ನು ಬಿಚ್ಚಿ ಕಟ್ಟಿದವ ನಾನು. ಠಾಣೆಯಿಂದ ಇಲ್ಲಿಯವರೆಗೆ ಒಮ್ಮೆಯೂ ತಪ್ಪಲಿಲ್ಲ. ನಿಂಬೆಹಣ್ಣನ್ನು ನೋಡುತ್ತಿದ್ದೆ, ಕೈ ತಾನಾಗಿ ಅಲ್ಲಿಗೇ ಹೋಯಿತು." ನನ್ನತ್ತ ತಿರುಗಿ ಕೇಳಿದರು: "ಆ ಪದ ಎಂತದ್ದು ನೀವು ಹೇಳಿದ್ದು?"

"ಪ್ರಮಾದ."

"ಪ್ರಮಾದ" ಎಂದರು. ಮತ್ತೊಮ್ಮೆ ಹೇಳಿದರು. ಆಮೇಲೆ ಗೇರಿನ ಹಿಡಿಯಿಂದ ಕೈ ತೆಗೆದು ಹಣೆಗೆ ಒತ್ತಿಕೊಂಡರು.

ಕಲ್ಯಾಣದಲ್ಲಿ ಉಲ್ಹಾಸ ನದಿಯ ದಡದಲ್ಲಿ ನಾರಾಯಣಬಲಿ ನಡೆಯಿತು. ಸಂಕಲ್ಪದಲ್ಲಿ ಆ ಪದ ಬಂದಾಗ ಅವರು ದರ್ಭೆಯ ಕೈಯನ್ನು ಎತ್ತಿ ನನ್ನನ್ನು ನಿಲ್ಲಿಸಿದರು. "ಸ್ವಲ್ಪ ಗಟ್ಟಿಯಾಗಿ ಹೇಳಿ ಭಟ್ರೇ. ಅಪ್ಪನಿಗೂ ಕೇಳಲಿ." ನಾನು ಇನ್ನೊಮ್ಮೆ, ದಡದಲ್ಲಿ ಬಟ್ಟೆ ಒಗೆಯುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ. ಪಿಂಡಗಳೊಡನೆ ಆ ಗೆರಟೆಯನ್ನೂ ಅವರು ನೀರಿಗೆ ಬಿಟ್ಟರು. ಅದು ಮುಳುಗದೆ ಬಹುದೂರ ತೇಲುತ್ತಾ ಹೋಯಿತು. ಮರುದಿನ ಕಾರಿಗೆ ಹೊಸ ಸ್ಪ್ರಿಂಗು ಹಾಕಿದರು ಎಂದು ವಿಜಯಪುರದವನು ಹೇಳಿದ. ಆಮೇಲಿನ ಆಯುಧಪೂಜೆಗಳಲ್ಲಿಯೂ ಕುಂಕುಮ ಕಡಮೆ ಹಾಕಿ ಎನ್ನುವುದನ್ನು ಅವರು ಬಿಡಲಿಲ್ಲ. ಆ ಒಂದು ಕಾರಿಗೆ ಮಾತ್ರ ಎಷ್ಟು ಹಾಕಿದರೂ ಸುಮ್ಮನಿರುತ್ತಿದ್ದರು.

ಅವರ ಭಯ ಅಂದು ಘಟ್ಟದಲ್ಲಿ ಇಳಿಯಿತು. ವಿಗ್ರಹದ ಶಕ್ತಿ ಕಲಶಕ್ಕೆ ಇಳಿದ ಹಾಗೆ ಅದು ಎಲ್ಲಿಗೆ ಇಳಿಯಿತೆಂಬುದು ನನಗೆ ಗೊತ್ತು. ಮೊನ್ನೆ ಸಾನಪಾಡಾದಲ್ಲಿ ನಮ್ಮ ಕಡೆಯ ಒಂದು ಮನೆಯವರ ಹೊಸ ಕಾರಿಗೆ ಪೂಜೆಯಿತ್ತು. ಮನೆಯ ಮಗ ಮೊಬೈಲಿನಲ್ಲಿ ದಿಕ್ಸೂಚಿಯನ್ನು ಹಿಡಿದು, "ಗುರೂಜಿ, ಪೂರಬ್ ಇಧರ್ ಹೈ, ಗಾಡಿ ಘುಮಾವೂಂ ಕ್ಯಾ?" ಎಂದು ಹಿಂದಿಯಲ್ಲಿ, ಗಾಡಿಯನ್ನು ಪೂರ್ವಕ್ಕೆ ತಿರುಗಿಸಲೇ ಎಂದು ಕೇಳಿದ. ನಾನು ಮೊದಲು ಕಾರಿನ ಹಿಂದಕ್ಕೆ ನಡೆದೆ. ಅಲ್ಲಿ ಅವನ ಅಜ್ಜಿ ಕುರ್ಚಿ ಹಾಕಿಕೊಂಡು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು.

"ಇಲ್ಲಿ ನೆರಳು ಉಂಟು ಭಟ್ರೇ, ನಾವು ಇಲ್ಲೇ ಕೂತು ನೋಡ್ತೇವೆ" ಎಂದರು.

"ಏಳಿ ಅಮ್ಮಾ. ದಯಮಾಡಿ ಏಳಿ" ಎಂದೆ. ಕುರ್ಚಿಯನ್ನು ನಾನೇ ಎತ್ತಿಕೊಂಡು ಹೋಗಿ ದೂರದ ಬಿಸಿಲಿನಲ್ಲಿ ಇಟ್ಟೆ. ಎಲ್ಲರೂ ನಕ್ಕರು. ಆಮೇಲೆ ಹುಡುಗನಿಗೆ ದಿಕ್ಕನ್ನು ಹೇಳಿದೆ. ಕಾರು ನಿಂಬೆಹಣ್ಣಿನ ಮೇಲೆ ಮುಂದಕ್ಕೇ ಹೋಯಿತು. ಅದು ಗೇಟನ್ನು ದಾಟುವವರೆಗೂ ನಾನು ಆ ಖಾಲಿ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.